ಹಂಡೆಯ ಬಿಸಿನೀರಿಗೆ ಲೆಕ್ಕ ಕಲಿಸಿದ ಜೋಸೆಫ್ ಬ್ಲ್ಯಾಕ್

ಮುಳ್ಳೇರಿಯ: ಚೆರ್ಕಳ-ಜಾಲ್ಸೂರು ರಸ್ತೆಯಲ್ಲಿ ಬೆಳಗಿನ ಬಸ್ಸುಗಳ ಸದ್ದು ಕೇಳತೊಡಗುವ ಹೊತ್ತಿಗೆ ಇಲ್ಲಿನ ತೋಟದ ಮನೆಗಳ ಬಚ್ಚಲಿನಲ್ಲಿ ಒಲೆ ಹೊತ್ತಿಕೊಂಡಿರುತ್ತದೆ. ಗ್ಯಾಸ್ ಬಂದು, ಗೀಸರ್ ಬಂದು, ಮಾಡಿನ ಮೇಲೆ ಸೋಲಾರ್ ಬಂದ ಮೇಲೂ ಹಂಡೆಯ ನೀರಿನ ಸ್ನಾನವನ್ನು ಬಿಡದ ಮನೆಗಳು ಇನ್ನೂ ಇವೆ. ತೋಟದಲ್ಲಿ ಬಿದ್ದ ಅಡಿಕೆ ಸೋಗೆ, ತೆಂಗಿನ ಮಡಲು, ಗೆರಟೆ, ಸಿಪ್ಪೆ ಎಲ್ಲವೂ ಕೊನೆಗೆ ಸೇರುವುದು ಆ ಒಲೆಗೆ.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಒಂದು ಲೋಟ ಚಹಾ ಸಿದ್ಧವಾಗುತ್ತದೆ. ಲೋಟದ ಚಹಾಕ್ಕೆ ಬೆರಳಿಟ್ಟರೆ ಸುಡುತ್ತದೆ. ಹಂಡೆಯ ನೀರಿಗೆ ಕೈ ಹಾಕಿದರೆ ಹಿತವಾಗಿರುತ್ತದೆ. ಹಾಗಾದರೆ ಹೆಚ್ಚು ಶಾಖ ಇರುವುದು ಎಲ್ಲಿ? ಕೈಗೆ ಕೇಳಿದರೆ ಲೋಟದಲ್ಲಿ ಎನ್ನುತ್ತದೆ. ಸೌದೆ ಹೊತ್ತು ತಂದವರಿಗೆ ಕೇಳಿದರೆ ಹಂಡೆಯಲ್ಲಿ ಎನ್ನುತ್ತಾರೆ. ಸರಿಯಾದ ಉತ್ತರ ಎರಡನೆಯವರದು.

ಎಷ್ಟು ಬಿಸಿ ಎಂಬುದು ಒಂದು ವಿಷಯ, ಎಷ್ಟು ಶಾಖ ಎಂಬುದು ಇನ್ನೊಂದು ವಿಷಯ. ಇವೆರಡನ್ನು ಬೇರ್ಪಡಿಸಿ, ಅಳತೆ ಮಾಡಿ, ವಿದ್ಯಾರ್ಥಿಗಳ ಮುಂದೆ ಪ್ರಯೋಗ ಮಾಡಿ ತೋರಿಸಿದವರು ಸ್ಕಾಟ್ಲೆಂಡಿನ ವೈದ್ಯ ಮತ್ತು ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್. ಅವರು ತೀರಿಕೊಂಡು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲವಾಯಿತು. ಅವರ ಶಿಷ್ಯರೂ ಗೆಳೆಯರೂ ಲೋಕಪ್ರಸಿದ್ಧರಾದರು. ಅವರ ಹೆಸರು ಮಾತ್ರ ಶಾಲೆಯ ವಿಜ್ಞಾನ ಪುಸ್ತಕಗಳ ಒಂದೆರಡು ಸಾಲುಗಳಲ್ಲಿ ಉಳಿದುಕೊಂಡಿದೆ.

ಎರಡು ಭಾಷೆ, ಒಂದು ಗೊಂದಲ

ಗಡಿನಾಡಿನ ಮಕ್ಕಳಿಗೆ ಈ ಪಾಠದಲ್ಲಿ ಬೇರೆ ಕಡೆಯ ಮಕ್ಕಳಿಗಿಲ್ಲದ ಒಂದು ತೊಡಕು ಇದೆ. ಮನೆಮಾತಿನಲ್ಲಿ ಕನ್ನಡದ ಬಿಸಿ, ತುಳುವಿನ ಬೆಚ್ಚ, ಮಲಯಾಳದ ಚೂಡ್ ಮೂರೂ ಎರಡೂ ಅರ್ಥಕ್ಕೆ ನಡೆಯುತ್ತವೆ. ಪುಸ್ತಕಕ್ಕೆ ಬಂದಾಗ ಕನ್ನಡದಲ್ಲಿ ಒಂದಕ್ಕೆ ಶಾಖ ಅಥವಾ ಉಷ್ಣ ಎಂದೂ ಇನ್ನೊಂದಕ್ಕೆ ತಾಪ ಅಥವಾ ತಾಪಮಾನ ಎಂದೂ ಹೇಳುತ್ತಾರೆ. ಮಲಯಾಳದಲ್ಲಿ ತಾಪಂ ಎಂದರೆ ಶಾಖ. ತಾಪಮಾನಕ್ಕೆ ಅಲ್ಲಿ ತಾಪನಿಲ ಅಥವಾ ಊಷ್ಮಾವ್ ಎಂಬ ಪದಗಳಿವೆ. ಹೀಗೆ ತಾಪ ಎಂಬ ಒಂದೇ ಪದ ಒಂದು ಪುಸ್ತಕದಲ್ಲಿ ಒಂದು ಅರ್ಥವನ್ನೂ, ಪಕ್ಕದ ಪುಸ್ತಕದಲ್ಲಿ ಅದರ ಜೊತೆಗಾರ ಅರ್ಥವನ್ನೂ ಹೇಳುತ್ತದೆ. ಕನ್ನಡದಲ್ಲಿ ಓದಿ ಮುಂದೆ ಮಲಯಾಳದಲ್ಲಿ ಕಲಿಯಹೊರಟ ಮಗು ಇಲ್ಲಿ ಮುಗ್ಗರಿಸಿದರೆ ಅದು ಮಗುವಿನ ತಪ್ಪಲ್ಲ.

ಬ್ಲ್ಯಾಕ್ ಅವರ ಕಾಲದಲ್ಲಿ ಇಂಥ ಗೊಂದಲ ದೊಡ್ಡ ದೊಡ್ಡ ಪಂಡಿತರಿಗೂ ಇತ್ತು. ಥರ್ಮಾಮೀಟರ್ ಆಗಲೇ ಬಂದಿತ್ತು. ಫ್ಯಾರನ್‌ಹೀಟ್ ತನ್ನ ಪಾದರಸದ ಮಾಪಕದ ಅಳತೆಯನ್ನು 1724ರಲ್ಲಿ ಪ್ರಕಟಿಸಿದ್ದ. ಸೆಲ್ಸಿಯಸ್ 1742ರಲ್ಲಿ ನೂರು ಡಿಗ್ರಿಗಳ ಮಾಪಕವನ್ನು ಸೂಚಿಸಿದ್ದ. ಆದರೆ ಥರ್ಮಾಮೀಟರ್ ತೋರಿಸುವುದು ವಸ್ತುವಿನಲ್ಲಿರುವ ಶಾಖದ ಮೊತ್ತವನ್ನೇ ಎಂದು ಹೆಚ್ಚಿನವರು ಭಾವಿಸಿದ್ದರು.

ವೈನ್ ವ್ಯಾಪಾರಿಯ ಮಗ

ಜೋಸೆಫ್ ಬ್ಲ್ಯಾಕ್ ಹುಟ್ಟಿದ್ದು 1728ರ ಏಪ್ರಿಲ್ 16ರಂದು, ಫ್ರಾನ್ಸಿನ ಬೋರ್ಡೋ ಎಂಬ ಬಂದರು ಪಟ್ಟಣದಲ್ಲಿ. ತಂದೆ ಜಾನ್ ಬ್ಲ್ಯಾಕ್ ಸ್ಕಾಟ್ಲೆಂಡ್ ಮೂಲದ, ಬೆಲ್‌ಫಾಸ್ಟಿನಿಂದ ಬಂದ ವೈನ್ ವ್ಯಾಪಾರಿ. ತಾಯಿ ಮಾರ್ಗರೆಟ್ ಗಾರ್ಡನ್ ಅವರ ಕುಟುಂಬದ್ದೂ ಅದೇ ವ್ಯಾಪಾರ. ಮನೆ ತುಂಬ ಮಕ್ಕಳು. ಹನ್ನೆರಡನೇ ವಯಸ್ಸಿನಲ್ಲಿ ಬಾಲಕನನ್ನು ಓದಿಗಾಗಿ ಬೆಲ್‌ಫಾಸ್ಟಿಗೆ ಕಳುಹಿಸಲಾಯಿತು. ಮನೆಯಲ್ಲಿ ಒಂದು ನಾಡಿನ ಮಾತು, ಬೀದಿಯಲ್ಲಿ ಇನ್ನೊಂದು ನಾಡಿನ ಮಾತು ಕೇಳುತ್ತ ಬೆಳೆದ ಹುಡುಗ ಅವನು. ಕಾಸರಗೋಡಿನ ಮಕ್ಕಳಿಗೆ ಆ ಬಾಲ್ಯ ಅಪರಿಚಿತವೆನಿಸದು.

ಮುಂದೆ ಗ್ಲಾಸ್ಗೋ ವಿಶ್ವವಿದ್ಯಾಲಯ. ಅಲ್ಲಿ ವಿಲಿಯಂ ಕಲೆನ್ ಎಂಬ ವೈದ್ಯ ಪ್ರಾಧ್ಯಾಪಕರು ರಸಾಯನಶಾಸ್ತ್ರವನ್ನು ಹೊಸ ರೀತಿಯಲ್ಲಿ ಕಲಿಸುತ್ತಿದ್ದರು. ಬ್ಲ್ಯಾಕ್ ಅವರ ಶಿಷ್ಯರಾದರು, ಬಳಿಕ ಪ್ರಯೋಗಾಲಯದ ಸಹಾಯಕರಾದರು. ಬೇಗನೆ ಆರುವ ದ್ರವಗಳು ಆರುವಾಗ ತಣ್ಣಗಾಗುತ್ತವೆ ಎಂಬುದನ್ನು ಕಲೆನ್ ಗಮನಿಸಿದ್ದರು. ಆ ತಂಪು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಶಿಷ್ಯನ ಪಾಲಿಗೆ ಉಳಿಯಿತು.

ಸುಣ್ಣದಿಂದ ಆರಂಭ

1752ರಲ್ಲಿ ಬ್ಲ್ಯಾಕ್ ವೈದ್ಯಕೀಯ ಓದು ಮುಗಿಸಲು ಎಡಿನ್‌ಬರೋಗೆ ಹೋದರು. ಆ ಕಾಲದಲ್ಲಿ ಮೂತ್ರಕೋಶದ ಕಲ್ಲಿಗೆ ಸುಣ್ಣದ ತಿಳಿನೀರನ್ನು ಔಷಧಿಯಾಗಿ ಕೊಡುತ್ತಿದ್ದರು. ಚಿಪ್ಪು ಸುಟ್ಟ ಸುಣ್ಣ ಒಳ್ಳೆಯದೋ ಕಲ್ಲು ಸುಟ್ಟ ಸುಣ್ಣ ಒಳ್ಳೆಯದೋ ಎಂಬ ವಿಷಯದಲ್ಲಿ ಅಲ್ಲಿನ ಇಬ್ಬರು ಪ್ರಾಧ್ಯಾಪಕರ ನಡುವೆ ಜಗಳವೇ ನಡೆದಿತ್ತು. ದೊಡ್ಡವರ ಜಗಳದ ಮಧ್ಯೆ ಸಿಕ್ಕಿಕೊಳ್ಳಬಾರದೆಂದು ಬ್ಲ್ಯಾಕ್ ಸುಣ್ಣವನ್ನು ಬಿಟ್ಟು ಮೆಗ್ನೀಸಿಯ ಆಲ್ಬ ಎಂಬ ಬಿಳಿ ಪುಡಿಯನ್ನು ಆರಿಸಿಕೊಂಡರು. 1754ರಲ್ಲಿ ಪ್ರಬಂಧ ಒಪ್ಪಿಸಿ ಡಾಕ್ಟರ್ ಆದರು.

ಆ ಪುಡಿಯನ್ನು ಕಾಯಿಸಿದಾಗ ತೂಕ ಕಡಿಮೆಯಾಗುತ್ತಿತ್ತು. ಹೋದದ್ದು ಏನು ಎಂದು ತಕ್ಕಡಿ ಹಿಡಿದು ಹುಡುಕಿದಾಗ ಸಿಕ್ಕಿದ್ದು ಒಂದು ಬಗೆಯ ಗಾಳಿ. ಅದಕ್ಕೆ ಅವರು ಬಂಧಿತ ಗಾಳಿ ಎಂಬ ಅರ್ಥದ ಹೆಸರಿಟ್ಟರು. ಇಂದು ಅದನ್ನು ಕಾರ್ಬನ್ ಡೈಆಕ್ಸೈಡ್ ಎನ್ನುತ್ತಾರೆ. ವೀಳ್ಯದೆಲೆಗೆ ಹಚ್ಚುವ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನಲ್ಲಿಯೂ ಅದೇ ಗಾಳಿ ಇದೆ ಎಂದು ಬ್ಲ್ಯಾಕ್ ಹೀಗೆಯೇ ತೋರಿಸಿದರು. 1756ರಲ್ಲಿ ಈ ಕೆಲಸ ಅಚ್ಚಾಯಿತು. ವಿಚಿತ್ರವೆಂದರೆ ಅವರ ದೊಡ್ಡ ಶೋಧಗಳಲ್ಲಿ ಅವರೇ ವಿವರವಾಗಿ ಬರೆದು ಪ್ರಕಟಿಸಿದ್ದು ಇದೊಂದನ್ನೇ.

ಅದೇ ವರ್ಷ ಕಲೆನ್ ಎಡಿನ್‌ಬರೋಗೆ ಹೋದರು. ಗ್ಲಾಸ್ಗೋದಲ್ಲಿ ಗುರುವಿನ ಜಾಗಕ್ಕೆ ಶಿಷ್ಯ ಬಂದರು. ಬೆಳಗ್ಗೆ ಪಾಠ, ಉಳಿದ ಹೊತ್ತು ರೋಗಿಗಳು. ಇದರ ನಡುವೆ ಅವರ ಮನಸ್ಸು ಶಾಖದ ಕಡೆಗೆ ತಿರುಗಿತು.

ಕರಗುವ ಮಂಜುಗಡ್ಡೆ ಹೇಳಿದ ಗುಟ್ಟು

ಮಂಜುಗಡ್ಡೆ ಕರಗುವ ಮಟ್ಟಕ್ಕೆ ಬಂದ ಮೇಲೆ ಇನ್ನೊಂದಿಷ್ಟು ಶಾಖ ಸೇರಿದರೆ ಸಾಕು, ಎಲ್ಲವೂ ನೀರಾಗುತ್ತದೆ ಎಂಬುದು ಅಂದಿನ ನಂಬಿಕೆ. ಬ್ಲ್ಯಾಕ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅದು ನಿಜವಾಗಿದ್ದರೆ ಚಳಿಗಾಲ ಮುಗಿದು ಮೊದಲ ಬಿಸಿಲು ಬಿದ್ದ ದಿನವೇ ಬೆಟ್ಟಗಳ ಹಿಮವೆಲ್ಲ ಒಮ್ಮೆಗೆ ಕರಗಿ ಊರುಗಳು ಕೊಚ್ಚಿಹೋಗಬೇಕಿತ್ತು. ಹಾಗಾಗುತ್ತಿರಲಿಲ್ಲ. ಹಿಮ ವಾರಗಟ್ಟಲೆ ನಿಧಾನವಾಗಿ ಕರಗುತ್ತಿತ್ತು. ಅಷ್ಟು ದಿನ ಅದಕ್ಕೆ ಸೇರಿದ ಶಾಖ ಎಲ್ಲಿಗೆ ಹೋಯಿತು?

ಉತ್ತರಕ್ಕಾಗಿ ಅವರು ಮಾಡಿದ ಪ್ರಯೋಗ ಬಹಳ ಸರಳ. ಒಂದೇ ಅಳತೆಯ ಎರಡು ತೆಳು ಗಾಜಿನ ಬುರುಡೆಗಳು. ಎರಡರಲ್ಲೂ ಐದೈದು ಔನ್ಸ್ ನೀರು. ಒಂದರ ನೀರನ್ನು ಹೆಪ್ಪುಗಟ್ಟಿಸಿದರು. ಇನ್ನೊಂದರ ನೀರನ್ನು ಹೆಪ್ಪುಗಟ್ಟದಂತೆ 33 ಡಿಗ್ರಿ ಫ್ಯಾರನ್‌ಹೀಟಿಗೆ ತಂದರು. ಎರಡನ್ನೂ ದೊಡ್ಡ ಕೋಣೆಯಲ್ಲಿ ತೂಗಹಾಕಿದರು. ಕೋಣೆಯ ಗಾಳಿ 47 ಡಿಗ್ರಿ.

ನೀರಿದ್ದ ಬುರುಡೆ ಅರ್ಧ ಗಂಟೆಯಲ್ಲಿ 40 ಡಿಗ್ರಿಗೆ ಏರಿತು, ಅಂದರೆ 7 ಡಿಗ್ರಿ ಏರಿಕೆ. ಮಂಜಿದ್ದ ಬುರುಡೆ ಕರಗಿ ಅದೇ 40 ಡಿಗ್ರಿಗೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಅದು 21 ಅರ್ಧ ಗಂಟೆಗಳು. ಒಂದೇ ಕೋಣೆ, ಒಂದೇ ಗಾಳಿ, ಒಂದೇ ಬಗೆಯ ಬುರುಡೆ. ಅರ್ಧ ಗಂಟೆಗೆ 7 ಡಿಗ್ರಿ ಏರಿಸುವಷ್ಟು ಶಾಖ ಒಳಗೆ ಬಂದಿದ್ದರೆ ಒಟ್ಟು 147 ಡಿಗ್ರಿಯಷ್ಟು ಶಾಖ ಸೇರಿದೆ. ಥರ್ಮಾಮೀಟರ್ ತೋರಿಸಿದ್ದು 32ರಿಂದ 40ರವರೆಗಿನ 8 ಡಿಗ್ರಿ ಮಾತ್ರ. ಉಳಿದ ಸುಮಾರು 140 ಡಿಗ್ರಿಯ ಶಾಖ ಮಂಜನ್ನು ನೀರು ಮಾಡುವುದಕ್ಕೇ ಖರ್ಚಾಗಿತ್ತು. ಇಂದಿನ ನಿಖರ ಲೆಕ್ಕ 144. ಗಡಿಯಾರ, ಥರ್ಮಾಮೀಟರ್ ಮತ್ತು ತಾಳ್ಮೆ ಇಷ್ಟರಲ್ಲೇ ಅವರು ಅಷ್ಟು ಸಮೀಪ ಬಂದಿದ್ದರು.

ಥರ್ಮಾಮೀಟರಿಗೆ ಕಾಣದೆ ಅಡಗಿದ ಈ ಶಾಖಕ್ಕೆ ಕನ್ನಡದಲ್ಲಿ ಗುಪ್ತೋಷ್ಣ ಎನ್ನುತ್ತಾರೆ, ಮಲಯಾಳದಲ್ಲಿ ಲೀನತಾಪಂ. ಒಂದು ಭಾಷೆ ಅದು ಬಚ್ಚಿಟ್ಟುಕೊಂಡಿದೆ ಎನ್ನುತ್ತದೆ, ಇನ್ನೊಂದು ಭಾಷೆ ಅದು ಕರಗಿ ಸೇರಿಹೋಗಿದೆ ಎನ್ನುತ್ತದೆ. ಎರಡೂ ಒಳ್ಳೆಯ ಹೆಸರುಗಳೇ. 1762ರ ಏಪ್ರಿಲ್ 23ರಂದು ಗ್ಲಾಸ್ಗೋದ ವಿದ್ವಾಂಸರ ಕೂಟದ ಮುಂದೆ ಬ್ಲ್ಯಾಕ್ ಈ ಪ್ರಯೋಗವನ್ನು ವಿವರಿಸಿದರು.

ಕುದಿಯುವ ನೀರಿನ ಸರದಿ

ಮಂಜಿನ ನಂತರ ಆವಿ. ಕುದಿಯುವ ನೀರಿನಲ್ಲಿಯೂ ಹೀಗೆಯೇ ಆಗುತ್ತಿರಬೇಕು ಎಂದು ಅವರು ಊಹಿಸಿದರು. ನೀರು ಕುದಿಬಿಂದು ಮುಟ್ಟಿದ ಮೇಲೆ ಸ್ವಲ್ಪ ಶಾಖಕ್ಕೇ ಎಲ್ಲವೂ ಆವಿಯಾಗುವುದಾದರೆ ಒಲೆಯ ಮೇಲಿನ ಪಾತ್ರೆ ಮದ್ದಿನ ಹಾಗೆ ಸಿಡಿಯಬೇಕು. ಯಾವ ಮನೆಯಲ್ಲಿಯೂ ಹಾಗೆ ಆಗುವುದಿಲ್ಲ.

1762ರ ಅಕ್ಟೋಬರಿನಲ್ಲಿ ಚಪ್ಪಟೆ ತಳದ ತಗಡಿನ ಪಾತ್ರೆಗಳಲ್ಲಿ 50 ಡಿಗ್ರಿ ಫ್ಯಾರನ್‌ಹೀಟಿನ ನೀರು ಹಾಕಿ ಕೆಂಪಗೆ ಕಾದ ಕಬ್ಬಿಣದ ಹಲಗೆಯ ಮೇಲಿಟ್ಟರು. ಸುಮಾರು 4 ನಿಮಿಷಕ್ಕೆ ನೀರು ಕುದಿಯಿತು. ಪೂರ್ತಿ ಆರಿಹೋಗಲು ಮತ್ತೆ ಸುಮಾರು 20 ನಿಮಿಷ ಬೇಕಾಯಿತು. ಬೆಂಕಿ ಮೊದಲಿನಂತೆಯೇ ಇತ್ತು. ಅಂದರೆ ಕುದಿಸಲು ಬೇಕಾದ ಶಾಖದ ಐದು ಪಟ್ಟು ಶಾಖ ಆವಿ ಮಾಡಲು ಬೇಕಾಗಿತ್ತು. ಆ 20 ನಿಮಿಷ ಥರ್ಮಾಮೀಟರ್ ಅಲುಗಾಡಲಿಲ್ಲ. ಅವರ ಲೆಕ್ಕಕ್ಕೆ ಸಿಕ್ಕಿದ್ದು 810 ಡಿಗ್ರಿ ಫ್ಯಾರನ್‌ಹೀಟಿನಷ್ಟು ಗುಪ್ತೋಷ್ಣ. ಇಂದಿನ ಲೆಕ್ಕ ಸುಮಾರು 970. ಒಲೆಯ ಶಾಖ ಅತ್ತಿತ್ತ ಸೋರಿದ್ದರಿಂದ ಸ್ವಲ್ಪ ತಪ್ಪಿತ್ತು, ದಾರಿ ತಪ್ಪಿರಲಿಲ್ಲ.

ಈ ಲೆಕ್ಕ ಮುಳ್ಳೇರಿಯದ ಅಡುಗೆಮನೆಗೆ ಬಂದರೆ ಹೀಗಾಗುತ್ತದೆ. 27 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ಬಾವಿನೀರನ್ನು ಕುದಿಸಲು 73 ಕಿಲೋಕ್ಯಾಲರಿ ಬೇಕು. ಅದೇ ಒಂದು ಲೀಟರ್ ಕುದಿದು ಆವಿಯಾಗಿ ಹೋಗಲು 540 ಕಿಲೋಕ್ಯಾಲರಿ. ಮುಚ್ಚಳವಿಲ್ಲದೆ ಒಂದು ಲೀಟರ್ ನೀರನ್ನು ಸುಮ್ಮನೆ ಆವಿಗೆ ಬಿಟ್ಟರೆ ಏಳು ಲೀಟರ್ ನೀರು ಕುದಿಸುವಷ್ಟು ಸೌದೆ ಹೋದಂತೆ. ಕುಚ್ಚಲಕ್ಕಿ ಅನ್ನದ ಪಾತ್ರೆ ಕೊತಕೊತ ಕುದಿದರೂ, ಮೆಲ್ಲಗೆ ಕುದಿದರೂ ಒಳಗಿನ ತಾಪಮಾನ ಒಂದೇ. ಬೆಂಕಿ ದೊಡ್ಡದು ಮಾಡಿದ್ದರಿಂದ ಹೆಚ್ಚುವುದು ಆವಿ, ಅಕ್ಕಿ ಬೇಯುವ ವೇಗ ಅಲ್ಲ.

ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಪ್ರಚಾರ ಮಾಡಿದ ಚೂಡಾರಾಪ್ಪೆಟ್ಟಿಯ ಹಿಂದಿರುವುದು ಇದೇ ತತ್ವ. ಅನ್ನ ಒಮ್ಮೆ ಚೆನ್ನಾಗಿ ಕುದಿದ ಮೇಲೆ ಪಾತ್ರೆಯನ್ನು ಶಾಖ ಸೋರದ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರೆ ಒಲೆಯಿಲ್ಲದೆ ಬೇಯುತ್ತದೆ. ಅಕ್ಕಿಗೆ ಬೇಕಾದದ್ದು ಇಳಿಯದ ತಾಪಮಾನ. ಹೊಸ ಶಾಖವನ್ನು ಸುರಿಯುತ್ತಲೇ ಇರಬೇಕಾಗಿಲ್ಲ.

ಆಟಿ ತಿಂಗಳ ಮಳೆಯಲ್ಲಿ ನೆನೆದ ಸೌದೆ ಏಕೆ ಕೈಕೊಡುತ್ತದೆ ಎಂಬುದಕ್ಕೂ ಉತ್ತರ ಇಲ್ಲಿದೆ. ಸೌದೆಯ ಒಳಗಿನ ನೀರು ಆವಿಯಾಗುವಾಗ ಬೆಂಕಿಯ ಶಾಖದಲ್ಲಿ ತನ್ನ ಪಾಲನ್ನು ಮೊದಲೇ ತೆಗೆದುಕೊಳ್ಳುತ್ತದೆ. ಹಂಡೆಗೆ ಸಿಗುವುದು ಉಳಿದದ್ದು. ಮಳೆಗಾಲಕ್ಕೆ ಮೊದಲು ಸೌದೆ ಒಣಗಿಸಿ ಕೊಟ್ಟಿಗೆ ತುಂಬಿಸುತ್ತಿದ್ದ ಹಿರಿಯರಿಗೆ ಇದು ಅನುಭವದಿಂದಲೇ ತಿಳಿದಿತ್ತು.

ಕೈ ಹೇಳುವ ಸುಳ್ಳು

ಬ್ಲ್ಯಾಕ್ ತಮ್ಮ ಪಾಠಗಳಲ್ಲಿ ಒತ್ತಿ ಹೇಳುತ್ತಿದ್ದ ಇನ್ನೊಂದು ಮಾತು ಶಾಖದ ಸಮತೋಲನ. ಒಂದೇ ಕೋಣೆಯಲ್ಲಿ ಬಹಳ ಹೊತ್ತು ಇದ್ದ ವಸ್ತುಗಳೆಲ್ಲ ಒಂದೇ ತಾಪಮಾನಕ್ಕೆ ಬರುತ್ತವೆ. ಬೆಳಗ್ಗೆ ಬಚ್ಚಲಿನ ತಾಮ್ರದ ಚೆಂಬು ಮುಟ್ಟಿದರೆ ತಣ್ಣಗೆ, ಪಕ್ಕದ ಮರದ ಮಣೆ ಮುಟ್ಟಿದರೆ ಹಾಗಿಲ್ಲ. ಥರ್ಮಾಮೀಟರ್ ಇಟ್ಟರೆ ಎರಡೂ ಒಂದೇ. ಲೋಹ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನ. ಕೈ ತಿಳಿಸುವುದು ಶಾಖ ಹೋಗುವ ವೇಗವನ್ನು.

ಮತ್ತೊಂದು ಶೋಧ ಪಾದರಸದಿಂದ ಬಂತು. ಬಿಸಿ ಪಾದರಸವನ್ನು ಅಷ್ಟೇ ಗಾತ್ರದ ತಣ್ಣೀರಿನೊಂದಿಗೆ ಬೆರೆಸಿದಾಗ ತಾಪಮಾನ ನಡುಮಧ್ಯಕ್ಕೆ ಬರದೆ ನೀರಿನ ಕಡೆಗೇ ಉಳಿಯುವುದನ್ನು ಫ್ಯಾರನ್‌ಹೀಟ್ ಹಿಂದೆಯೇ ಕಂಡಿದ್ದ. ಪಾದರಸ ನೀರಿಗಿಂತ ಹದಿಮೂರು ಪಟ್ಟು ಭಾರ. ಭಾರವಾದ ವಸ್ತು ಹೆಚ್ಚು ಶಾಖ ಹಿಡಿಯಬೇಕೆಂಬ ನಂಬಿಕೆಗೆ ಇದು ವಿರುದ್ಧವಾಗಿತ್ತು. 1760ರ ಸುಮಾರಿಗೆ ಬ್ಲ್ಯಾಕ್ ಇದಕ್ಕೆ ಅರ್ಥ ಕಂಡುಕೊಂಡರು. ಪ್ರತಿ ವಸ್ತುವಿಗೂ ಶಾಖ ಹಿಡಿಯುವ ತನ್ನದೇ ಸಾಮರ್ಥ್ಯವಿದೆ, ಅದಕ್ಕೂ ಭಾರಕ್ಕೂ ಸಂಬಂಧವಿಲ್ಲ. ಇದರಿಂದ ಬೆಳೆದದ್ದೇ ಇಂದಿನ ವಿಶಿಷ್ಟೋಷ್ಣ. ನೀರಿಗೆ ಈ ಸಾಮರ್ಥ್ಯ ಬಹಳ ಹೆಚ್ಚು. ಆದ್ದರಿಂದಲೇ ಹಂಡೆ ಬಿಸಿಯಾಗಲು ಹೊತ್ತು ಬೇಕು, ತಣಿಯಲೂ ಹೊತ್ತು ಬೇಕು.

ಈಗ ಮೊದಲಿನ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಹೇಳಬಹುದು. 80 ಡಿಗ್ರಿ ಸೆಲ್ಸಿಯಸ್ ಬಿಸಿಯ 150 ಮಿಲಿಲೀಟರ್ ಚಹಾವನ್ನು 27 ಡಿಗ್ರಿಯಿಂದ ಅಲ್ಲಿಗೆ ಏರಿಸಲು ಸುಮಾರು 8 ಕಿಲೋಕ್ಯಾಲರಿ ಶಾಖ ಸಾಕು. 40 ಲೀಟರ್ ಹಂಡೆಯ ನೀರನ್ನು 27ರಿಂದ ಬರೀ 42 ಡಿಗ್ರಿಗೆ ತರಲು 600 ಕಿಲೋಕ್ಯಾಲರಿ ಬೇಕು. ಚಹಾದ ತಾಪಮಾನ ಹೆಚ್ಚು, ಹಂಡೆಯ ಶಾಖ ಅದರ ಎಪ್ಪತ್ತೈದು ಪಟ್ಟು.

ಮುಳ್ಳೇರಿಯಕ್ಕೆ ದೂರವಲ್ಲದ ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇದೆ. ಬಿಸಿನೀರಿನ ಬುಗ್ಗೆಯೆಂದು ಹೆಸರಾದ ಜಾಗ. ತುಳುವಿನ ಹೆಸರಿನಲ್ಲಿಯೇ ಬಿಸಿನೀರು ಇದೆ. ಅಲ್ಲಿನ ನೀರು ಕೈಗೆ ಹಿತವಾಗುವಷ್ಟು ಬೆಚ್ಚಗಿನದು, ಸುಡುವಂಥದ್ದಲ್ಲ. ಆದರೂ ಒಂದು ಕೊಳದ ನೀರನ್ನು ಅಷ್ಟು ಬೆಚ್ಚಗೆ ಇಡಲು ಭೂಮಿಯೊಳಗಿಂದ ಬರಬೇಕಾದ ಶಾಖ ಎಷ್ಟೋ ಹಂಡೆಗಳ ಸೌದೆಗೆ ಸಮ. ತಾಪಮಾನ ನೋಡಿ ಶಾಖವನ್ನು ಅಳೆಯಬಾರದು ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಉಪಕರಣ ರಿಪೇರಿಯ ಯುವಕ

ಗ್ಲಾಸ್ಗೋ ವಿಶ್ವವಿದ್ಯಾಲಯದ ಆವರಣದಲ್ಲಿ 1757ರಿಂದ ಒಬ್ಬ ಯುವಕ ಉಪಕರಣಗಳ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಹೆಸರು ಜೇಮ್ಸ್ ವಾಟ್. ಪ್ರಾಧ್ಯಾಪಕ ಬ್ಲ್ಯಾಕ್ ಅವರಿಗೂ ಅವನಿಗೂ ಗೆಳೆತನ ಬೆಳೆಯಿತು. 1763-64ರ ಚಳಿಗಾಲದಲ್ಲಿ ನ್ಯೂಕಾಮನ್ ಉಗಿಯಂತ್ರದ ಒಂದು ಮಾದರಿ ರಿಪೇರಿಗಾಗಿ ವಾಟ್ ಬಳಿ ಬಂತು. ಅದು ಲೆಕ್ಕವಿಲ್ಲದಷ್ಟು ಉಗಿ ನುಂಗುತ್ತಿತ್ತು. ವಾಟ್ ಪರೀಕ್ಷಿಸಿ ನೋಡಿದಾಗ ಸ್ವಲ್ಪ ಉಗಿ ತನ್ನ ತೂಕದ ಆರು ಪಟ್ಟು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುತ್ತಿತ್ತು. ಇಷ್ಟು ಶಾಖ ಉಗಿಯಲ್ಲಿ ಎಲ್ಲಿತ್ತು ಎಂದು ಅಚ್ಚರಿಗೊಂಡು ಬ್ಲ್ಯಾಕ್ ಅವರಲ್ಲಿ ಕೇಳಿದ. ಬ್ಲ್ಯಾಕ್ ತಾವು ಕೆಲವು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತಿದ್ದ ಗುಪ್ತೋಷ್ಣವನ್ನು ವಿವರಿಸಿದರು.

1765ರಲ್ಲಿ ವಾಟ್ ಉಗಿಯನ್ನು ಬೇರೆ ಪಾತ್ರೆಯಲ್ಲಿ ತಣಿಸುವ ಉಪಾಯ ಕಂಡುಹಿಡಿದ. 1769ರಲ್ಲಿ ಪೇಟೆಂಟ್ ಸಿಕ್ಕಿತು. ಈ ಕಷ್ಟದ ವರ್ಷಗಳಲ್ಲಿ ಬ್ಲ್ಯಾಕ್ ಸಾಲ ಕೊಟ್ಟು ನೆರವಾದರು. ಗುಪ್ತೋಷ್ಣದ ಪಾಠದಿಂದಲೇ ತನ್ನ ಶೋಧ ಹುಟ್ಟಿತು ಎಂಬುದನ್ನು ವಾಟ್ ಮುಂದೆ ಒಪ್ಪಲಿಲ್ಲ. ಸರಿಯಾಗಿ ಯೋಚಿಸುವ, ಪ್ರಯೋಗ ಮಾಡುವ ಕ್ರಮವನ್ನು ಬ್ಲ್ಯಾಕ್ ಅವರಿಂದ ಕಲಿತೆ ಎಂಬುದನ್ನು ಮಾತ್ರ ಕೃತಜ್ಞತೆಯಿಂದ ನೆನೆದ. ಆ ಯಂತ್ರದ ವಂಶದ್ದೇ ಉಗಿಬಂಡಿ ಮುಂದೆ ಕಾಸರಗೋಡಿನ ಮೂಲಕ 1907ರಲ್ಲಿ ಮಂಗಳೂರು ತಲುಪಿತು.

ಬರೆಯದೆ ಉಳಿಸಿದ್ದಕ್ಕೆ ತೆತ್ತ ಬೆಲೆ

1766ರಲ್ಲಿ ಬ್ಲ್ಯಾಕ್ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದರು. ಮೂವತ್ತು ವರ್ಷ ಅಲ್ಲಿ ರಸಾಯನಶಾಸ್ತ್ರ ಕಲಿಸಿದರು. ಪಾಠಮಾಲೆ ಶುರುವಾಗುತ್ತಿದ್ದದ್ದು ಶಾಖದಿಂದಲೇ. ಅವರದು ಸಣ್ಣ ದನಿ, ಸರಳ ಮಾತು. ಪ್ರಯೋಗ ಮಾಡುವಾಗ ಮೇಜಿನ ಮೇಲೆ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ ಎಂದು ಅವರ ಕೈಚಳಕ ಹೆಸರಾಗಿತ್ತು. ದೂರದೇಶಗಳಿಂದಲೂ ವಿದ್ಯಾರ್ಥಿಗಳು ಬಂದರು. ಅವರು ಬರೆದುಕೊಂಡ ಟಿಪ್ಪಣಿಗಳು ನಕಲಾಗಿ ಕೈಯಿಂದ ಕೈಗೆ ಹೋದವು.

ಆದರೆ ಶಾಖದ ಬಗ್ಗೆ ಬ್ಲ್ಯಾಕ್ ಪುಸ್ತಕ ಬರೆಯಲಿಲ್ಲ. ಒಂದು ಕಾರಣ ಆರೋಗ್ಯ. ಶ್ವಾಸಕೋಶದ ತೊಂದರೆ ಅವರನ್ನು ಜೀವನವಿಡೀ ಕಾಡಿತು. ಕೆಮ್ಮಿನಲ್ಲಿ ರಕ್ತ ಕಾಣಿಸುತ್ತಿತ್ತು. ಹೆಚ್ಚು ದುಡಿದರೆ ಮಲಗಬೇಕಾಗುತ್ತಿತ್ತು. ಇನ್ನೊಂದು ಕಾರಣ ಸ್ವಭಾವ. ಪೂರ್ತಿ ಖಚಿತವಾಗದೆ ಏನನ್ನೂ ಹೊರಬಿಡಲು ಅವರು ಒಪ್ಪುತ್ತಿರಲಿಲ್ಲ. ಶಾಖ ಎಂದರೆ ನಿಜಕ್ಕೂ ಏನು ಎಂಬ ಪ್ರಶ್ನೆಗೆ ಅವರು ಕೊನೆಯವರೆಗೂ ಖಡಾಖಂಡಿತ ಉತ್ತರ ಕೊಡಲಿಲ್ಲ. ಎಷ್ಟು ಎಂದು ಅಳೆದರು, ಏನು ಎಂಬುದನ್ನು ಮುಂದಿನವರಿಗೆ ಬಿಟ್ಟರು.

ಬೇರೆಯವರು ಕಾದು ಕುಳಿತಿರಲಿಲ್ಲ. ಸ್ವೀಡನ್ನಿನ ವಿಲ್ಕೆ ಹಿಮ ಕರಗುವಾಗಿನ ಶಾಖವನ್ನು ಸ್ವತಂತ್ರವಾಗಿ ಅಳೆದು 1772ರಲ್ಲಿ ಪ್ರಕಟಿಸಿದ. ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಕರಗಿದ ಮಂಜಿನ ತೂಕದಿಂದ ಶಾಖ ಅಳೆಯುವ ಉಪಕರಣವನ್ನು 1783ರಲ್ಲಿ ಜಗತ್ತಿನ ಮುಂದಿಟ್ಟರು. ಗುಪ್ತೋಷ್ಣದ ಕೀರ್ತಿ ಯಾರಿಗೆ ಸೇರಬೇಕೆಂಬ ಚರ್ಚೆ ಎದ್ದಿತು. ವಾಟ್ ಮತ್ತು ಶಿಷ್ಯ ಜಾನ್ ರಾಬಿಸನ್ ಕೆರಳಿದರು. ಬ್ಲ್ಯಾಕ್ ಮಾತ್ರ ಜಗಳಕ್ಕೆ ಇಳಿಯಲಿಲ್ಲ. ಅವರ ಉಪನ್ಯಾಸಗಳು ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1803ರಲ್ಲಿ, ರಾಬಿಸನ್ ಶ್ರಮದಿಂದ. ಆ ಹೊತ್ತಿಗೆ ಗ್ಲಾಸ್ಗೋದ ಗಾಜಿನ ಬುರುಡೆಗಳ ಪ್ರಯೋಗ ನಡೆದು ನಾಲ್ಕು ದಶಕಗಳೇ ಕಳೆದಿದ್ದವು.

ಶಾಖ ಒಂದು ಬಗೆಯ ಚಲನೆ ಎಂಬ ದಾರಿಯಲ್ಲಿ ಕಾಲಿಟ್ಟವರು ಬೇರೆಯವರು. ರಮ್‌ಫರ್ಡ್ ಫಿರಂಗಿ ಕೊರೆಯುವಾಗಿನ ಉಜ್ಜಾಟದಿಂದಲೇ ನೀರು ಕುದಿಸಿ 1798ರಲ್ಲಿ ವರದಿ ಮಾಡಿದ. 1840ರ ದಶಕದಲ್ಲಿ ಜೌಲ್ ಎಷ್ಟು ಕೆಲಸಕ್ಕೆ ಎಷ್ಟು ಶಾಖ ಎಂದು ಅಳೆದ. ಅವರ ಅಳತೆಗಳಿಗೂ ಬೇಕಾದದ್ದು ಶಾಖವೂ ತಾಪಮಾನವೂ ಬೇರೆ ಬೇರೆ ಎಂಬ ಬ್ಲ್ಯಾಕ್ ಹಾಕಿದ ತಳಹದಿಯೇ.

ಗೆಳೆಯರ ನಡುವೆ, ಕೊನೆಯ ಲೋಟ

ಬ್ಲ್ಯಾಕ್ ಮದುವೆಯಾಗಲಿಲ್ಲ. ಗೆಳೆಯರೇ ಬಳಗ. ಅರ್ಥಶಾಸ್ತ್ರದ ಆಡಂ ಸ್ಮಿತ್, ಭೂವಿಜ್ಞಾನದ ಜೇಮ್ಸ್ ಹಟನ್ ಅವರೊಂದಿಗೆ ಸೇರಿ ಎಡಿನ್‌ಬರೋದಲ್ಲಿ ಒಂದು ಊಟದ ಕೂಟ ಕಟ್ಟಿದ್ದರು. ತತ್ವಜ್ಞಾನಿ ಡೇವಿಡ್ ಹ್ಯೂಮ್ 1776ರಲ್ಲಿ ಕೊನೆಯ ಕಾಯಿಲೆಯಲ್ಲಿದ್ದಾಗ ನೋಡಿಕೊಂಡ ವೈದ್ಯರಲ್ಲಿ ಬ್ಲ್ಯಾಕ್ ಒಬ್ಬರು. 1790ರಲ್ಲಿ ಸ್ಮಿತ್ ಸಾಯುವ ಮೊದಲು ತನ್ನ ಹಸ್ತಪ್ರತಿಗಳನ್ನು ಸುಟ್ಟುಬಿಡುವ ಹೊಣೆಯನ್ನು ನಂಬಿ ಒಪ್ಪಿಸಿದ್ದು ಬ್ಲ್ಯಾಕ್ ಮತ್ತು ಹಟನ್ ಅವರಿಗೆ.

ವಯಸ್ಸಾದಂತೆ ಊಟ ಅಳತೆಯದ್ದಾಯಿತು. ಒಂದಿಷ್ಟು ರೊಟ್ಟಿ, ಕೆಲವು ಒಣ ಹಣ್ಣು, ನೀರು ಬೆರೆಸಿದ ಹಾಲು. 1799ರ ಡಿಸೆಂಬರ್ 6ರಂದು ಮೇಜಿನ ಮುಂದೆ ಹೀಗೆ ಕುಳಿತಿದ್ದಾಗಲೇ ಪ್ರಾಣ ಹೋಯಿತು. ಹಾಲಿನ ಲೋಟ ಮೊಣಕಾಲುಗಳ ಮೇಲೆ ಕೈಯಲ್ಲೇ ಇತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ನಿದ್ದೆ ಹೋಗಿರಬೇಕೆಂದು ಸೇವಕ ಸುಮ್ಮನೆ ಹಿಂದಿರುಗಿದ್ದನೆಂದು ಹೇಳುತ್ತಾರೆ. ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಬಚ್ಚಲಿಗೆ ಮರಳಿದರೆ

ವೈದ್ಯರಾಗಿದ್ದ ಬ್ಲ್ಯಾಕ್ ಅವರ ಲೆಕ್ಕ ಇಂದಿಗೂ ಮನೆಮಂದಿಯ ಮೈ ಕಾಯಬಲ್ಲದು. ಇಡ್ಲಿಯ ಅಟ್ಟಿನಳಗೆಯ ಮುಚ್ಚಳ ತೆಗೆಯುವಾಗ ಕೈಗೆ ತಾಗುವ ಆವಿ 100 ಡಿಗ್ರಿ, ಪಕ್ಕದ ಪಾತ್ರೆಯ ಕುದಿನೀರೂ 100 ಡಿಗ್ರಿ. ಆದರೆ ಒಂದು ಗ್ರಾಂ ಕುದಿನೀರು ಮೈಬಿಸಿಗೆ ಇಳಿಯುವಾಗ ಕೊಡುವುದು 63 ಕ್ಯಾಲರಿ. ಒಂದು ಗ್ರಾಂ ಆವಿ ಮೊದಲು ನೀರಾಗುವಾಗಲೇ 540 ಕ್ಯಾಲರಿ ಕೊಟ್ಟು, ನಂತರ ಆ 63ನ್ನೂ ಕೊಡುತ್ತದೆ. ಹೆಚ್ಚುಕಡಿಮೆ ಹತ್ತು ಪಟ್ಟು. ಮುಚ್ಚಳವನ್ನು ತನ್ನಿಂದ ಆಚೆ ಕಡೆಗೆ ವಾಲಿಸಿ ತೆಗೆಯಬೇಕೆಂದು ಹಿರಿಯ ಹೆಂಗಸರು ಹೇಳುವುದರ ಕಾರಣ ಇದು.

ಸ್ನಾನದ ನೀರು ಬೆರೆಸುವುದೂ ಅವರದೇ ಲೆಕ್ಕ. ಒಂದು ಚೆಂಬು ಕುದಿನೀರಿಗೆ ನಾಲ್ಕು ಚೆಂಬು ಬಾವಿನೀರು ಸೇರಿಸಿದರೆ ಸುಮಾರು 42 ಡಿಗ್ರಿ ಆಗುತ್ತದೆ. ದೊಡ್ಡವರಿಗೆ ಸಾಕಷ್ಟು ಬಿಸಿ. ಎಳೆಮಕ್ಕಳಿಗೆ ಇನ್ನೂ ತಣ್ಣನೆ, 37ರ ಆಸುಪಾಸಿನಲ್ಲಿ ಇರಬೇಕು. ಬಕೆಟ್‌ಗೆ ಯಾವಾಗಲೂ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ತಿರುಗುಮುರುಗಾಗಿ ಮಾಡಿ, ತಣ್ಣೀರು ತರಲು ಬಾವಿಕಟ್ಟೆಗೆ ಹೋದ ಅರೆನಿಮಿಷದಲ್ಲಿ ಮಗು ಬಕೆಟ್‌ಗೆ ಕೈ ಹಾಕಿದರೆ ಆಗುವ ಅನಾಹುತಕ್ಕೆ ಮದ್ದಿಲ್ಲ. 60 ಡಿಗ್ರಿಯ ನೀರು ಕೂಡ ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ಅದು ಕುದಿಯುತ್ತಿರಬೇಕೆಂದಿಲ್ಲ, ಆವಿ ಏಳಬೇಕೆಂದೂ ಇಲ್ಲ. ಮಗುವಿನ ಚರ್ಮ ತೆಳು, ಅದಕ್ಕೆ ಇನ್ನೂ ಕಡಿಮೆ ಹೊತ್ತು ಸಾಕು.

ಸುಟ್ಟರೆ ಮಾಡಬೇಕಾದದ್ದು ಶಾಖವನ್ನು ಹೊರಗೆ ಎಳೆಯುವ ಕೆಲಸ. ಹರಿಯುವ ಸಾಮಾನ್ಯ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ತುಪ್ಪ, ಎಣ್ಣೆ, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ. ಗುಳ್ಳೆ ಒಡೆಯದೆ ಶುದ್ಧ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಒಯ್ಯಬೇಕು.

ಹಾಲಿನ ಲೋಟದ ಒಂದು ಹನಿಯನ್ನೂ ಚೆಲ್ಲದೆ ಹೋದ ಆ ವೈದ್ಯರು ಕಲಿಸಿದ್ದನ್ನು ಮುಳ್ಳೇರಿಯದ ಬಚ್ಚಲಿನಲ್ಲಿ ನೆನಪಿಡುವುದು ಕಷ್ಟವಲ್ಲ. ಮಗುವನ್ನು ಮೀಯಿಸುವ ಮೊದಲು ಮೊಣಕೈ ಅದ್ದಿ ನೋಡುವಾಗ ಪರೀಕ್ಷಿಸುವುದು ತಾಪಮಾನವನ್ನು. ಸೌದೆಯ ರಾಶಿ ಖಾಲಿಯಾಗುತ್ತ ಬಂದಾಗ ಎಣಿಸುವುದು ಶಾಖವನ್ನು.